ಸಣ್ಣ ಕೋಣೆಯ ಹಾಡು

ಒಂದು ಹಾಡು ಎಷ್ಟು ಜನರಿಗೆ ಕೇಳಿಸಬೇಕು? ಪ್ರಶ್ನೆ ಮೇಲುನೋಟಕ್ಕೆ ಬಾಲಿಶವಾಗಿ ಕಾಣಬಹುದು. ಹೆಚ್ಚು ಜನ ಕೇಳಿದಷ್ಟೂ ಒಳ್ಳೆಯದೆಂದು ಯಾರಾದರೂ ಥಟ್ಟನೆ ಉತ್ತರ ಹೇಳಿಯಾರು. ಗಣೇಶೋತ್ಸವದ ಚಪ್ಪರದಲ್ಲಿ, ರಾಜ್ಯೋತ್ಸವದ ಮೈದಾನದಲ್ಲಿ, ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿಯೂ ಆಳೆತ್ತರದ ಧ್ವನಿವರ್ಧಕಗಳನ್ನು ನಿಲ್ಲಿಸುವುದು ಈ ನಂಬಿಕೆಯಿಂದಲೇ. ಆದರೆ ಅರವತ್ತು ಜನರಿದ್ದರೆ ಸಾಕು, ಆರುನೂರು ಜನರಾದರೆ ಕೆಟ್ಟುಹೋಗುತ್ತದೆ ಎನ್ನಬಹುದಾದ ಹಾಡುಗಾರಿಕೆಯೂ ಒಂದುಂಟು. ಅದಕ್ಕೆ ಪಶ್ಚಿಮದವರು ಈಗ ಇಟ್ಟಿರುವ ಹೆಸರು ‘ಇಂಡೀ ಫೋಕ್’. ಈ ಬಗೆಯ ಹಾಡಿನ ಹುಟ್ಟು ಯಾವುದು, ಅದಕ್ಕೆ ಸಣ್ಣ ಜಾಗವೇ ಏಕೆ ಬೇಕು, ನಮ್ಮ ಮನೆಗಳ ಹಾಡಿಗೂ ಅದಕ್ಕೂ ಸಂಬಂಧವೇನು ಎಂಬ ಮೂರು ವಿಷಯಗಳನ್ನು ಯಥಾಶಕ್ತಿ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

೧. ಹೆಸರಿನ ಎರಡು ಬೇರುಗಳು

‘ಫೋಕ್’ ಎಂದರೆ ಜನಪದ. ಇಂಗ್ಲೆಂಡಿನಲ್ಲಿ ಜನಪದ ಗೀತೆಗಳಿಗಾಗಿಯೇ ಒಂದು ಸಂಘ ಸ್ಥಾಪನೆಯಾದುದು 1898ರಲ್ಲಿ. ಐದು ವರ್ಷಗಳ ತರುವಾಯ, 1903ರಲ್ಲಿ, ಸೆಸಿಲ್ ಶಾರ್ಪ್ ಎಂಬ ಸಂಗೀತದ ಉಪಾಧ್ಯಾಯನು ಸಾಮರ್‌ಸೆಟ್ ಪ್ರಾಂತದ ಒಂದು ಹಳ್ಳಿಯಲ್ಲಿ ಸ್ನೇಹಿತನ ಮನೆಗೆ ಹೋಗಿದ್ದನು. ಅಲ್ಲಿಯ ತೋಟದ ಮಾಲಿಯೊಬ್ಬನು ತನ್ನ ಪಾಡಿಗೆ ತಾನು ಒಂದು ಹಳೆಯ ಹಾಡನ್ನು ಹೇಳಿಕೊಳ್ಳುತ್ತಿದ್ದುದು ಅವನ ಕಿವಿಗೆ ಬಿತ್ತು. ಶಾರ್ಪನು ಅದನ್ನು ಬರೆದುಕೊಂಡನು. ಮುಂದೆ ಆತನು ಸಾವಿರಾರು ಹಾಡುಗಳನ್ನು ಸಂಗ್ರಹಿಸಿದನು. 1916ರಿಂದ 1918ರವರೆಗೆ ಅಮೆರಿಕದ ಅಪಲಾಚಿಯನ್ ಬೆಟ್ಟಗಾಡಿನಲ್ಲಿಯೂ ತಿರುಗಿ, ಇಂಗ್ಲೆಂಡಿನಿಂದ ವಲಸೆ ಹೋದವರು ಅಲ್ಲಿ ಉಳಿಸಿಕೊಂಡಿದ್ದ ಹಾಡುಗಳನ್ನು ಬರೆದುಕೊಂಡನು. ಹಾಡಿದವನು ಮಾಲಿ, ಬರೆದುಕೊಂಡವನು ಉಪಾಧ್ಯಾಯ. ಈ ಸಂಗತಿಯನ್ನು ನಾವು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಬರುತ್ತದೆ.

‘ಇಂಡೀ’ ಎಂಬುದು ಸ್ವತಂತ್ರ ಎಂಬ ಅರ್ಥದ ಇಂಗ್ಲಿಷ್ ಮಾತಿನ ಮೊಟಕು ರೂಪ. ಇಲ್ಲಿ ಸ್ವಾತಂತ್ರ್ಯವೆಂದರೆ ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಹಂಗಿಲ್ಲದಿರುವುದು. 1977ರ ಆರಂಭದಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ತಂಡದವರು ತಾವೇ ಹಣ ಹೊಂದಿಸಿ ‘ಸ್ಪೈರಲ್ ಸ್ಕ್ರಾಚ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಅವರದು ಅಬ್ಬರದ ಪಂಕ್ ಸಂಗೀತ. ಜನಪದಕ್ಕೂ ಅದಕ್ಕೂ ನಂಟಿರಲಿಲ್ಲ. ಆದರೂ ‘ಯಾರ ಅಪ್ಪಣೆಯೂ ಬೇಡ, ನಮ್ಮ ಹಾಡನ್ನು ನಾವೇ ಪ್ರಕಟಿಸಬಹುದು’ ಎಂಬ ಧೈರ್ಯವನ್ನು ಅದು ಅನೇಕರಿಗೆ ಕೊಟ್ಟಿತು.

ಈ ಎರಡು ಹೊಳೆಗಳು ಕೂಡಿದುದು ಈಚೆಗೆ. 2002ರಲ್ಲಿ ‘ಐರನ್ ಅಂಡ್ ವೈನ್’ ಎಂಬ ಹೆಸರಿನಿಂದ ಹಾಡುವ ಅಮೆರಿಕದ ಗಾಯಕನು ಮನೆಯಲ್ಲಿಯೇ ಮುದ್ರಿಸಿಕೊಂಡ ಹಾಡುಗಳು ಪ್ರಕಟವಾದವು. ಧ್ವನಿ ಪಿಸುಮಾತಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೆ. 2006-07ರ ಚಳಿಗಾಲದಲ್ಲಿ ಜಸ್ಟಿನ್ ವರ್ನನ್ ಎಂಬ ಯುವಕನು ವಿಸ್ಕಾನ್ಸಿನ್ ಪ್ರಾಂತದ ಕಾಡಿನಲ್ಲಿದ್ದ ತನ್ನ ತಂದೆಯ ಮರದ ಮನೆಯಲ್ಲಿ ಒಂಟಿಯಾಗಿ ಕುಳಿತು ಹಾಡುಗಳನ್ನು ಕಟ್ಟಿದನು. 2007ರಲ್ಲಿ ‘ಬಾನ್ ಇವೇರ್’ ಎಂಬ ಹೆಸರಿನಲ್ಲಿ ತಾನೇ ಅವನ್ನು ಪ್ರಕಟಿಸಿದನು. ಮರುವರ್ಷ ಅವು ದೇಶದೇಶಗಳನ್ನು ಮುಟ್ಟಿದವು. ಜನಪದದ ಸರಳ ಮಟ್ಟು, ಒಬ್ಬನ ಒಂಟಿ ಕಂಠ, ತಂತಿವಾದ್ಯವೊಂದರ ಆಸರೆ, ಸ್ವಂತ ಪ್ರಕಟಣೆ: ಇಂಡೀ ಫೋಕ್‌ನ ಲಕ್ಷಣವನ್ನು ಸ್ಥೂಲವಾಗಿ ಹೀಗೆ ಹೇಳಬಹುದು.

೨. ಸಣ್ಣ ಜಾಗವೇ ಏಕೆ?

ಇಂತಹ ಹಾಡುಗಾರಿಕೆ ಬೆಳೆದುದು ದೊಡ್ಡ ಸಭಾಂಗಣಗಳಲ್ಲಿ ಅಲ್ಲ, ಕಾಫಿ ಅಂಗಡಿಗಳಲ್ಲಿ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯಲ್ಲಿ 1958ರಲ್ಲಿ ತೆರೆದ ಗ್ಯಾಸ್‌ಲೈಟ್ ಕೆಫೆ ಒಂದು ನೆಲಮಾಳಿಗೆ. ಚಪ್ಪಾಳೆಯ ಸದ್ದಿನಿಂದ ಮೇಲಿನ ಮನೆಗಳವರಿಗೆ ತೊಂದರೆಯಾಗದಿರಲೆಂದು ಅಲ್ಲಿಯ ಕೇಳುಗರು ಬೆರಳು ಚಿಟಿಕೆ ಹಾಕಿ ಮೆಚ್ಚುಗೆ ಸೂಚಿಸುತ್ತಿದ್ದರೆಂದು ಹೇಳುತ್ತಾರೆ. ಅದೇ ವರ್ಷ ಮಸಾಚುಸೆಟ್ಸಿನ ಕೇಂಬ್ರಿಜ್ ಪಟ್ಟಣದಲ್ಲಿ ‘ಕ್ಲಬ್ 47’ ಪ್ರಾರಂಭವಾಯಿತು; ಹದಿಹರೆಯದ ಜೋನ್ ಬಾಯೆಜ್ ಅಲ್ಲಿ ಹಾಡಿಯೇ ಹೆಸರು ಪಡೆದಳು. ಬಾಬ್ ಡಿಲನ್ನನು 1961ರ ಏಪ್ರಿಲಿನಲ್ಲಿ ಮೊದಲ ದೊಡ್ಡ ಅವಕಾಶ ಪಡೆದ ‘ಗರ್ಡೀಸ್ ಫೋಕ್ ಸಿಟಿ’ಯೂ ಇಂಥದೇ ಒಂದು ತಾಣ. 2016ರಲ್ಲಿ ಆತನಿಗೆ ಸಾಹಿತ್ಯದ ನೊಬೆಲ್ ಪಾರಿತೋಷಕ ಬಂದಾಗ ಲೋಕವೆಲ್ಲ ಚರ್ಚೆ ಮಾಡಿತು. ಆ ಮಾತುಗಳನ್ನು ಮೊದಲು ಕೇಳಿದವರು ಕಾಫಿಯ ಬಟ್ಟಲು ಹಿಡಿದು ಕುಳಿತ ಕೆಲವೇ ಜನ.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು. ಇಂಗ್ಲೆಂಡಿನ ನಿಕ್ ಡ್ರೇಕ್ ಎಂಬ ಗಾಯಕನು 1969ರಿಂದ 1972ರೊಳಗೆ ಮೂರು ಧ್ವನಿಮುದ್ರಿಕೆಗಳನ್ನು ಕೊಟ್ಟನು. ಆತನದು ಅತಿ ಮೆಲ್ಲನೆಯ ಕಂಠ. ಬಹಳ ನಾಚಿಕೆಯ ಸ್ವಭಾವ. ಗದ್ದಲದ ಸಭೆಗಳಲ್ಲಿ ಅವನ ಹಾಡು ಮುಳುಗಿಹೋಗುತ್ತಿತ್ತು. ಕಡೆಕಡೆಗೆ ಆತನು ಸಭೆಗಳಲ್ಲಿ ಹಾಡುವುದನ್ನೇ ಬಿಟ್ಟನು. 1974ರಲ್ಲಿ, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ತೀರಿಕೊಂಡನು. ಇಂದು ಈ ಬಗೆಯ ಗಾಯಕರೆಲ್ಲರೂ ಅವನನ್ನು ಗುರುವೆಂದು ಸ್ಮರಿಸುತ್ತಾರೆ. ಬದುಕಿದ್ದಾಗ ಅವನ ಕಂಠಕ್ಕೆ ತಕ್ಕ ಕೋಣೆ ಅವನಿಗೆ ದೊರೆತಿದ್ದರೆ ಎಂದು ನನಗೆ ಅನೇಕ ವೇಳೆ ಅನಿಸಿದೆ.

ಸಣ್ಣ ಜಾಗದ ಮಹಿಮೆಗೆ ಭೌತಶಾಸ್ತ್ರದ ಕಾರಣವೂ ಇದೆ. ನಾನು ಕಲಾ ವಿಭಾಗದ ವಿದ್ಯಾರ್ಥಿ, ತಿಳಿದಷ್ಟನ್ನು ಹೇಳುವೆನು. ಬಯಲಿನಲ್ಲಿ ಕೇಳುಗನು ಹಾಡುವವನಿಂದ ಎರಡರಷ್ಟು ದೂರ ಹೋದರೆ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಿಂದ ಎರಡು, ಎರಡರಿಂದ ನಾಲ್ಕು, ನಾಲ್ಕರಿಂದ ಎಂಟು, ಹೀಗೆ ಪ್ರತಿ ಇಮ್ಮಡಿಗೂ ಅಷ್ಟಷ್ಟು ನಷ್ಟ. ಮೊದಲು ಕಳೆದುಹೋಗುವುದು ಹಾಡಿನ ನುಣುಪಾದ ಅಂಶಗಳು: ಉಸಿರೆಳೆಯುವ ಸದ್ದು, ಬೆರಳು ತಂತಿಯ ಮೇಲೆ ಜಾರುವ ಸದ್ದು, ಪದದ ಕೊನೆಯಲ್ಲಿ ಧ್ವನಿ ನಡುಗುವ ಬಗೆ. ಕೋಣೆಯೊಳಗೆ ಗೋಡೆಗಳು ಧ್ವನಿಯನ್ನು ಹಿಂದಿರುಗಿಸಿ ಈ ನಷ್ಟವನ್ನು ಒಂದಿಷ್ಟು ತುಂಬಿಕೊಡುತ್ತವೆ. ಆದರೆ ಹಿಂದಿರುಗುವ ಧ್ವನಿ ಅತಿಯಾದರೂ ಕೇಡೇ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಐದು ಸೆಕೆಂಡುಗಳಿಗೂ ಮೀರಿ ಮೊರೆಯುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕರು ಮತ್ತೆ ಹತ್ತಾರು ಪದಗಳನ್ನು ಆಡಿರುತ್ತಿದ್ದರು! ಅದರ ಪರಿಹಾರಕ್ಕೆ ನೇಮಕವಾದ ವಾಲೇಸ್ ಸೇಬಿನ್ ಎಂಬ ತರುಣ ಅಧ್ಯಾಪಕನು ರಾತ್ರಿಯ ವೇಳೆ ಪಕ್ಕದ ನಾಟಕಶಾಲೆಯ ಮೆತ್ತೆಗಳನ್ನು ತಂದು ಹರಡಿ, ಎಷ್ಟು ಮೆತ್ತೆಗೆ ಎಷ್ಟು ಮೊರೆತ ಕಡಮೆಯಾಗುತ್ತದೆಂದು ಅಳೆದನು. ಮನುಷ್ಯನ ದೇಹವೂ ಮೆತ್ತೆಯಂತೆ ಧ್ವನಿಯನ್ನು ಹೀರುತ್ತದೆಂದು ಕಂಡುಕೊಂಡನು. ಎಂದರೆ ಕೇಳುಗರು ಸುಮ್ಮನೆ ಕುಳಿತಿದ್ದರೂ ಹಾಡಿನ ಸ್ವರೂಪದಲ್ಲಿ ಪಾಲುಗಾರರಾಗಿರುತ್ತಾರೆ! ಈ ಮಾತನ್ನು ನಾನು ಓದಿದುದು ಪುಸ್ತಕದಲ್ಲಿ. ಅದರ ಅರ್ಥ ತಿಳಿದುದು ಕಳೆದ ವರ್ಷ ಬೆಂಗಳೂರಿನಲ್ಲಿ ಒಂದು ಕಚೇರಿ ಕೇಳಿದಾಗ.

೩. ನಾನು ಕೇಳಿದ ಕಚೇರಿ

ಅದು ಹಳೆಯ ಬಡಾವಣೆಯೊಂದರಲ್ಲಿ ಮನೆಯ ಮಹಡಿ. ಪ್ರವೇಶಧನ ಐನೂರು ರೂಪಾಯಿ; ನಮ್ಮ ತಂದೆಯವರ ಒಂದು ದಿನದ ಕೂಲಿ. ಚಾಪೆ ಹಾಸಿ, ಮುಗಿದ ಮೇಲೆ ಸುತ್ತಿಡುವ ಕೆಲಸಕ್ಕೆ ಹೋಗಿದ್ದ ಸಹಪಾಠಿಯೊಬ್ಬನು ನನ್ನನ್ನೂ ಕರೆದೊಯ್ದುದರಿಂದ ನನಗೆ ಒಳಗೆ ಜಾಗ ದೊರೆಯಿತು. ಖಾಲಿ ಕೋಣೆಯಲ್ಲಿ ನಾವು ಮಾತನಾಡಿದಾಗ ಗೋಡೆಗಳು ಮಾರ್ನುಡಿಯುತ್ತಿದ್ದವು. ಜನ ಬಂದು ಕುಳಿತ ಹಾಗೆಲ್ಲ ಆ ಮೊರೆತ ಅಡಗುತ್ತ ಬಂದಿತು. ಸುಮಾರು ಅರವತ್ತು ಜನ ಸೇರಿದಾಗ ಕೋಣೆ ಹದಕ್ಕೆ ಬಂದಿತ್ತು. ಸೇಬಿನ್ನನ ಮೆತ್ತೆಗಳೆಂದರೆ ಇವೇ ಎಂದುಕೊಂಡೆನು.

ಹಾಡಿದವರು ಒಬ್ಬ ತರುಣಿ. ಕೈಯಲ್ಲಿ ಗಿಟಾರು, ಜೊತೆಗೆ ಪಿಟೀಲು ಹಿಡಿದ ಒಬ್ಬ ಸಹವಾದಕ. ಇಬ್ಬರ ನಡುವೆ ಒಂದೇ ಧ್ವನಿಗ್ರಾಹಕ. ವೇದಿಕೆಯೆಂಬುದಿರಲಿಲ್ಲ, ಅವರ ಮೊಣಕಾಲಿಗೂ ಮುಂದಿನ ಸಾಲಿನವರ ಮೊಣಕಾಲಿಗೂ ಒಂದು ಮಾರು ಅಂತರ. ಸಂಚಾರಿ ದೂರವಾಣಿಗಳನ್ನು ಮುಚ್ಚಿಡಬೇಕೆಂದು ಕೇಳಿಕೊಂಡು ಆಕೆ ಹಾಡಲು ತೊಡಗಿದರು. ಹೆಚ್ಚಿನವು ಆಕೆಯೇ ಇಂಗ್ಲಿಷಿನಲ್ಲಿ ಕಟ್ಟಿದ ಹಾಡುಗಳು, ಎರಡು ಕನ್ನಡದವು. ಒಂದೊಂದು ಹಾಡಿಗೂ ಮುಂಚೆ ಅದು ಹುಟ್ಟಿದ ಸಂದರ್ಭವನ್ನು ಮನೆಯವರೊಡನೆ ಮಾತನಾಡುವಂತೆ ಹೇಳುತ್ತಿದ್ದರು. ನಡುವೆ ತಂತಿ ಸಡಿಲವಾದರೆ ಎಲ್ಲರ ಎದುರಿಗೇ ಬಿಗಿದುಕೊಳ್ಳುತ್ತಿದ್ದರು. ಯಾರೂ ಬೇಸರಪಡಲಿಲ್ಲ.

ನನ್ನ ಗಮನವನ್ನು ಹೆಚ್ಚಾಗಿ ಸೆಳೆದುದು ಆಕೆಯ ಬಲಗೈ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದೇ ಸಮನಾಗಿ ನಡೆಯುತ್ತಿತ್ತು. ಉಳಿದ ಬೆರಳುಗಳು ತೆಳು ತಂತಿಗಳನ್ನು ಮೀಟಿ ಮಟ್ಟನ್ನು ಬಿಡಿಸುತ್ತಿದ್ದವು. ಕಾಲು ತಾಳ ಹಿಡಿದು, ಬಾಯಿ ಹಾಡು ಹೇಳುವಂತೆ, ಒಂದೇ ಕೈ ಎರಡು ಕೆಲಸ ಮಾಡುತ್ತಿತ್ತು. ಗಿಟಾರಿನ ಕುತ್ತಿಗೆಗೆ ಕೇಪೋ ಎಂಬ ಸಣ್ಣ ಹಿಡಿಕೆಯೊಂದನ್ನು ಹಾಕಿ ಹಾಡಿನಿಂದ ಹಾಡಿಗೆ ಅದನ್ನು ಸರಿಸುತ್ತಿದ್ದರು. ನಮ್ಮ ಗಾಯಕರು ತಮ್ಮ ಕಂಠಕ್ಕೆ ತಕ್ಕ ಶ್ರುತಿ ಇಟ್ಟುಕೊಳ್ಳುವಂತೆ ಇದೂ ಒಂದು ಏರ್ಪಾಡು.

ಈ ಬೆರಳುಗಾರಿಕೆಯ ಪ್ರಸ್ತಾಪ ಬಂದಾಗ ಅಮೆರಿಕದ ಎಲಿಜಬೆತ್ ಕಾಟನ್ ಎಂಬಾಕೆಯ ಹೆಸರನ್ನು ಹೇಳದಿದ್ದರೆ ವಿಷಯ ಪೂರ್ಣವಾಗದು. ಆಕೆ ಉತ್ತರ ಕ್ಯಾರೊಲೈನದ ಕಪ್ಪು ಜನರ ಬಡ ಮನೆತನದಲ್ಲಿ ಹುಟ್ಟಿದವಳು, ಎಡಚಿ. ಬಲಗೈಯವರಿಗಾಗಿ ಮಾಡಿದ ಗಿಟಾರನ್ನು ತಲೆಕೆಳಗಾಗಿ ಹಿಡಿದು ತಾನೇ ಕಲಿತಳು. ಆದುದರಿಂದ ಆಕೆಯ ಹೆಬ್ಬೆರಳು ಮಟ್ಟನ್ನು ನುಡಿಸಿದರೆ ಬೆರಳುಗಳು ಮಂದ್ರವನ್ನು ನುಡಿಸುತ್ತಿದ್ದವು. ಬಾಲ್ಯದಲ್ಲಿಯೇ ‘ಫ್ರೈಟ್ ಟ್ರೈನ್’ ಎಂಬ ಹಾಡನ್ನು ಕಟ್ಟಿದಳು. ಆಮೇಲೆ ಸಂಸಾರದ ಭಾರದಲ್ಲಿ ದಶಕಗಳ ಕಾಲ ವಾದ್ಯವನ್ನೇ ಮುಟ್ಟಲಿಲ್ಲ. ಸೀಗರ್ ಎಂಬ ಸಂಗೀತಗಾರರ ಮನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಕೆಳಗಿಳಿಸಿ ನುಡಿಸಿದಾಗ ಮನೆಯವರು ಬೆರಗಾದರು. ಆ ಮನೆಯ ಮಗನೇ ಆಕೆಯ ಹಾಡುಗಳನ್ನು ಮುದ್ರಿಸಿಕೊಂಡು 1958ರಲ್ಲಿ ಹೊರತಂದನು. ಆದರೆ ಅಷ್ಟರಲ್ಲಿ ಆಕೆಯ ಹಾಡು ಇಂಗ್ಲೆಂಡಿಗೆ ಹೋಗಿ, 1957ರಲ್ಲಿ ಅಲ್ಲಿ ಬಹು ಜನಪ್ರಿಯವಾಗಿ, ಬೇರೆಯವರ ಹೆಸರಿನಲ್ಲಿ ದಾಖಲಾಗಿತ್ತು! ಕಾನೂನಿನ ಮೂಲಕ ಹೋರಾಡಿದ ಮೇಲೆಯೇ ಕರ್ತೃತ್ವ ಆಕೆಗೆ ಸಂದಿತು. ತೊಂಬತ್ತರ ಆಸುಪಾಸಿನಲ್ಲಿ, 1985ರಲ್ಲಿ, ಆಕೆಗೆ ಗ್ರ್ಯಾಮಿ ಪ್ರಶಸ್ತಿ ಬಂದಿತು. ಮನೆಗೆಲಸದವಳ ಬೆರಳುಗಳ ನಡೆ ಇಂದು ಲೋಕದ ಗಿಟಾರುಗಾರರಿಗೆ ಪಾಠವಾಗಿದೆ.

ಕೊನೆಯ ಹಾಡಿಗೆ ಗಾಯಕಿ ಧ್ವನಿಗ್ರಾಹಕವನ್ನು ಪಕ್ಕಕ್ಕೆ ಸರಿಸಿ, ಶಿಶುನಾಳ ಶರೀಫರ ಪದವೊಂದನ್ನು ಬಹಳ ವಿಳಂಬವಾಗಿ ಹೇಳಿದರು. ಹೊರಗೆ ಬಸ್ಸು ಹಾದುಹೋದ ಸದ್ದೂ ಒಳಗೆ ಕೇಳಿಸುತ್ತಿತ್ತು. ಆದರೂ ಒಂದು ಅಕ್ಷರ ನಷ್ಟವಾಗಲಿಲ್ಲ. ಪಲ್ಲವಿಯನ್ನು ಎಲ್ಲರೂ ಮೆಲ್ಲನೆ ಕೂಡಿ ಹೇಳಿದರು.

೪. ನಮ್ಮ ಮನೆಯ ಹಾಡು

ಶರೀಫರ ಪದ ಗಿಟಾರಿನೊಡನೆ ಬಂದುದು ಹೊಸ ಸಂಗತಿಯೇನೂ ಅಲ್ಲ. ಸಿ. ಅಶ್ವಥ್ ಅವರು ಅವನ್ನು ಮನೆಮನೆಗೆ ಮುಟ್ಟಿಸಿದರು. 2008ರಲ್ಲಿ ರಘು ದೀಕ್ಷಿತರ ತಂಡದವರು ಹೊಸ ವಾದ್ಯಗಳೊಡನೆ ಹಾಡಿ ಸಾಗರದಾಚೆಗೂ ಒಯ್ದರು. ಆದರೆ ಆ ಪದಗಳ ಮೂಲದ ನೆಲೆಯನ್ನು ನೆನೆಯಿರಿ. ಶರೀಫರು (1819-1889) ಬಾಳಿದ ಕಾಲದಲ್ಲಿ ತತ್ತ್ವಪದ ಹುಟ್ಟುತ್ತಿದ್ದುದು ಮಠದ ಪಡಸಾಲೆಯಲ್ಲಿ, ಗುಡಿಯ ಕಟ್ಟೆಯ ಮೇಲೆ. ಒಂದು ಏಕತಾರಿ, ಒಂದು ದಮ್ಮಡಿ, ಒಂದು ಜೊತೆ ತಾಳ, ಸುತ್ತ ಕುಳಿತ ಇಪ್ಪತ್ತು ಮೂವತ್ತು ಜನ. ಇಂದಿಗೂ ಎಷ್ಟೋ ಊರುಗಳಲ್ಲಿ ಭಜನೆಯವರು ರಾತ್ರಿಯಿಡೀ ಹೀಗೆ ಕುಳಿತು ಹಾಡುತ್ತಾರೆ. ಸಣ್ಣ ಕೋಣೆಯ ಹಾಡೆಂಬುದು ನಮಗೆ ಪರದೇಶದಿಂದ ಬಂದ ಸರಕಲ್ಲ.

ಹೆಂಗಸರ ಹಾಡಿನ ಸಭೆ ಇನ್ನೂ ಸಣ್ಣದು. ರಾಗಿ ಬೀಸುವಾಗ ಕಲ್ಲಿನ ಆಚೆಗೊಬ್ಬಳು, ಈಚೆಗೊಬ್ಬಳು. ಹಲಸಂಗಿಯ ಮಧುರಚೆನ್ನರೂ ಅವರ ಗೆಳೆಯರೂ ಇಂತಹ ತ್ರಿಪದಿಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಪ್ರಕಟಿಸದಿದ್ದರೆ ಅವುಗಳಲ್ಲಿ ಎಷ್ಟು ಉಳಿಯುತ್ತಿದ್ದವೋ! ಶಾರ್ಪನು ಮಾಲಿಯ ಹಾಡನ್ನು ಬರೆದುಕೊಂಡ ಹಾಗೆಯೇ ಇದೂ ಕೂಡ. ಒಂದು ವ್ಯತ್ಯಾಸವುಂಟು: ಹಲಸಂಗಿಯವರು ಬರೆದುಕೊಂಡುದು ತಮ್ಮ ಊರುಕೇರಿಯ ತಾಯಂದಿರ ಹಾಡನ್ನೇ.

ನಮ್ಮದು ಶಿರಾ ಸೀಮೆಯ ಒಂದು ಹಳ್ಳಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಕಚೇರಿ ಕೇಳಿ ಬಂದ ವಾರದ ಕೊನೆಯಲ್ಲಿ ಊರಿಗೆ ಹೋಗಿದ್ದಾಗ ಅಜ್ಜಿಯೊಡನೆ ಅದರ ಸುದ್ದಿ ಹೇಳಿದೆನು.

“ಎಷ್ಟು ಜನ ಇದ್ರಪ್ಪ?” ಎಂದರು.

“ಅರವತ್ತು ಜನ ಇರಬೌದು ಕಣಜ್ಜಿ.”

“ಅಂಗಾದ್ರೆ ಸರಿ. ಅಷ್ಟು ಜನಕ್ಕಾದ್ರೆ ಗಂಟ್ಲು ಹರ್ಕೊಳ್ಳಂಗಿಲ್ಲ. ಮಾತಾಡ್ದಂಗೆ ಹಾಡ್ಬೌದು.”

ಎರಡು ಪುಟಗಳಲ್ಲಿ ನಾನು ಹೇಳಲು ಹೆಣಗಿದುದನ್ನು ಅವರು ಒಂದು ಮಾತಿನಲ್ಲಿ ಹೇಳಿಬಿಟ್ಟರು. ಹಾಗಾದರೆ ನೀವೂ ಬೀಸುವ ಪದ ಹೇಳಿ ಎಂದುದಕ್ಕೆ, “ನಮ್ದೇನು ಸಂಗೀತವೇನಪ್ಪ? ಕೆಲ್ಸ ಸಾಗ್ಲಿ ಅಂತ ಹಾಡ್ಕೊಂಡಿದ್ದು” ಎಂದರು. ಬಹಳ ಬೇಡಿಕೊಂಡ ಮೇಲೆ ಶುರುಮಾಡಿದರು. ಒಂದು ಸಾಲು ಹೇಳಿ ನಿಲ್ಲಿಸಿದರು. ಮುಂದಿನ ಸಾಲನ್ನು ಬಿಟ್ಟು ಅದರ ಮುಂದಿನದನ್ನು ಹೇಳಿದರು. ಮರೆತರೇನೋ ಎಂದುಕೊಂಡೆನು. ಮರೆವಲ್ಲ. ಅದು ಕಲ್ಲಿನ ಆಚೆ ಕುಳಿತವಳ ಸಾಲು. ಆಕೆ ನೆರೆಮನೆಯವರು, ತೀರಿಕೊಂಡು ಎಂಟು ವರ್ಷವಾಯಿತು. “ಅವ್ಳ ಪಾಲಿನ್ದು ಅವ್ಳೇ ಹೇಳ್ತಿದ್ಲು. ನಾನ್ಯಾಕೆ ಕಲೀಲಿ?” ಎಂದು ಅಜ್ಜಿ ಕೇಳಿದರು.

ಊರಿಗೆ ಹಿಟ್ಟಿನ ಗಿರಣಿ ಬಂದು ಬೀಸುವ ಕಷ್ಟ ತಪ್ಪಿತು. ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಕಲ್ಲು ತಿರುಗಿಸಿ ರಟ್ಟೆ ಬಿದ್ದವರು ಅವರು, ನಾವಲ್ಲ. ಆದರೆ ಕೆಲಸದ ಜೊತೆಗೆ ಇಬ್ಬರು ಎದುರುಬದುರಾಗಿ ಕೂಡುವ ಸಂದರ್ಭವೂ ಹೋಯಿತು. ಹಾಡಿಗೆ ಪುಸ್ತಕ ಮಾತ್ರ ಸಾಲದು, ಕೂಡುವ ಸಂದರ್ಭ ಬೇಕು. ಬೀಸುವ ಕಲ್ಲಿನ ಸಂದರ್ಭ ಹೋದಲ್ಲಿ ಸಣ್ಣ ಕಚೇರಿ ಇನ್ನೊಂದು ಸಂದರ್ಭವನ್ನು ಒದಗಿಸಬಲ್ಲದೆಂಬುದು ನನ್ನ ಅಭಿಪ್ರಾಯ.

೫. ಕೆಲವು ಆಕ್ಷೇಪಗಳು

ಇದಕ್ಕೆ ಆಕ್ಷೇಪಗಳು ಬರಬಹುದು. ಈ ಹಾಡುಗಳೆಲ್ಲ ಒಂದೇ ಸಮನೆ ಮೆಲುದನಿಯವು, ಅರ್ಧ ಗಂಟೆಯಲ್ಲಿ ತೂಕಡಿಕೆ ತರುತ್ತವೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ಮೆಲುದನಿಯೇ ಗುಣವಲ್ಲ; ಮಾತಿನಲ್ಲಿ ತೂಕವಿಲ್ಲದಿದ್ದರೆ ಪಿಸುಗುಟ್ಟಿದರೂ ಅಷ್ಟೆ, ಕೂಗಿದರೂ ಅಷ್ಟೆ.

ಬಡವರ ಹಾಡನ್ನು ಉಳ್ಳವರ ಕೋಣೆಗೆ ಒಯ್ದು ಬೆಲೆ ಕಟ್ಟುವುದು ಸರಿಯೆ ಎಂಬುದು ಎರಡನೆಯದು. ಇದು ಗಟ್ಟಿಯಾದ ಆಕ್ಷೇಪ. ಹಾಡುವವರೂ ಉಣ್ಣಬೇಕು, ಅವರಿಗೆ ಸಂಭಾವನೆ ಸಲ್ಲಬೇಕು. ಆದರೆ ಯಾರ ಮನೆಯಿಂದ ಪದ ಬಂದಿತೋ ಅವರು ಬಾಗಿಲ ಹೊರಗೆ ನಿಲ್ಲುವಂತಾದರೆ ಏನೋ ತಪ್ಪಿದೆ ಎನ್ನಲೇಬೇಕು. ಕಾಟನ್ ಅವರ ವೃತ್ತಾಂತ ನಮಗೆ ಎರಡು ಪಾಠ ಹೇಳುತ್ತದೆ: ಹಾಡಿನ ಒಡತಿಯ ಹೆಸರನ್ನು ಮೊದಲು ಹೇಳಬೇಕು, ಸಾಧ್ಯವಾದರೆ ಆಕೆಯನ್ನೇ ಕರೆದು ಕೂಡಿಸಿ ಹಾಡಿಸಬೇಕು.

ಹಳ್ಳಿಯ ಪದಕ್ಕೆ ಗಿಟಾರು ಒಗ್ಗದು ಎಂಬುದು ಮೂರನೆಯದು. ಪಿಟೀಲು ಹೊರಗಿನಿಂದ ಬಂದರೂ ಕರ್ಣಾಟಕ ಸಂಗೀತದ ಅಂಗವಾಯಿತು. ಹಾರ್ಮೋನಿಯಂ ನಮ್ಮ ಭಜನೆಯ ಗುಂಪುಗಳಿಗೆ ಮನೆಮಗನಾಯಿತು. ಗಿಟಾರಿನ ವಿಷಯವನ್ನು ಕಾಲವೇ ತೀರ್ಮಾನಿಸಲಿ.

೬. ಒಂದು ಸೂಚನೆ

ಕೊನೆಯದಾಗಿ ನನ್ನ ಸಹೋದರ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಬಹುಮಂದಿ ನನ್ನಂತೆಯೇ ಹಳ್ಳಿಗಳಿಂದ ಬಂದವರು. ಒಬ್ಬೊಬ್ಬರ ಮನೆಯಲ್ಲಿಯೂ ‘ನಮ್ಮದೇನು ಸಂಗೀತವೇ’ ಎನ್ನುವ ಒಬ್ಬರಾದರೂ ಇದ್ದಾರೆ. ಶನಿವಾರ ಮಧ್ಯಾಹ್ನ ಪಾಠಗಳು ಮುಗಿದ ಮೇಲೆ ಕನ್ನಡ ವಿಭಾಗದ ಕೊಠಡಿ ಬರಿದಾಗಿರುತ್ತದೆ. ನಲವತ್ತು ಜನ ಕೂಡಬಹುದು. ವಾರಕ್ಕೊಬ್ಬರು ತಮ್ಮ ಮನೆಯ ಒಂದು ಹಾಡನ್ನು ಅಲ್ಲಿ ಹೇಳಲಿ. ಅದನ್ನು ಕಲಿಸಿದವರ ಹೆಸರು, ಊರು, ಯಾವ ಕೆಲಸದ ಹಾಡು ಎಂಬುದನ್ನೂ ತಿಳಿಸಲಿ. ಶುಲ್ಕ ಬೇಡ, ಧ್ವನಿವರ್ಧಕ ಬೇಡ. ಚಾಪೆಗಳನ್ನು ಹಾಸುವ ಕೆಲಸ ನನಗೆ ಅಭ್ಯಾಸವಾಗಿದೆ.

ನಾನು ಈ ವರ್ಷ ಕಾಲೇಜು ಬಿಟ್ಟು ಹೋಗುವವನು. ರಜಾ ದಿನಗಳಲ್ಲಿ ಅಜ್ಜಿಯಿಂದ ಈವರೆಗೆ ಇಪ್ಪತ್ತಮೂರು ಪದಗಳನ್ನು ಬರೆದುಕೊಂಡಿದ್ದೇನೆ, ಎಲ್ಲವೂ ಅರ್ಧರ್ಧ. ಆ ನೋಟುಪುಸ್ತಕದ ಒಂದು ಪ್ರತಿಯನ್ನು ಕನ್ನಡ ವಿಭಾಗಕ್ಕೆ ಒಪ್ಪಿಸಿ ಹೋಗುತ್ತೇನೆ. ಬಲಗಡೆಯ ಪುಟಗಳಲ್ಲಿ ಅಜ್ಜಿಯ ಸಾಲುಗಳಿವೆ. ಎಡಗಡೆಯ ಪುಟಗಳನ್ನು ಬರಿದಾಗಿ ಬಿಟ್ಟಿದ್ದೇನೆ. ಶಿರಾ, ಮಧುಗಿರಿ, ಹಿರಿಯೂರು ಕಡೆಯಿಂದ ಬಂದವರು ತಮ್ಮ ಊರಿನ ಹಿರಿಯರಿಗೆ ಅದನ್ನು ಓದಿ ಹೇಳಿ, ಎದುರು ಸಾಲು ಯಾರಿಗಾದರೂ ಬಂದರೆ ದಯಮಾಡಿ ಅಲ್ಲಿ ಬರೆಯಬೇಕೆಂದು ಬೇಡುತ್ತೇನೆ.